ನೊರೆ ಕಾರುವ ಫ್ರಿಜ್ಜು

ಮೇ ೬, ಮಂಗಳವಾರ

ಇವತ್ತು ಮೊದಲ ಸಲ ಬಿಯರ್ ಫ್ರಿಜ್ಜಿನ ಹೊಟ್ಟೆ ಬಿಚ್ಚಿದೆ. ಮನೆ ಫ್ರಿಜ್ಜು, ಎ.ಸಿ., ಐಸ್‌ಕ್ರೀಮ್ ಪೆಟ್ಟಿಗೆ, ಹೆಣ ಇಡುವ ಪೆಟ್ಟಿಗೆ ಎಲ್ಲವನ್ನೂ ರಿಪೇರಿ ಮಾಡಿದ್ದೇನೆ. ಇದೊಂದು ಬಾಕಿ ಇತ್ತು.

ಗುಂಡ್ಲುಪೇಟೆಯ ಸೋಮಶೇಖರ್ ಅವರ ಮನೆ. ಈರುಳ್ಳಿ, ಅರಿಶಿನದ ಮಂಡಿ ಅವರದು. ದೊಡ್ಡ ಮನೆಯ ಹಿಂದೆ ನೆಂಟರಿಗೆಂದು ಕಟ್ಟಿಸಿದ ಚಿಕ್ಕ ಮನೆಯಲ್ಲಿ ಈ ಫ್ರಿಜ್ಜು ಇದೆ. ಒಳಗೆ ಬಿಯರ್ ತುಂಬಿದ ಸ್ಟೀಲ್ ಬ್ಯಾರಲ್, ಪಕ್ಕದಲ್ಲಿ ಗ್ಯಾಸಿನ ಸಿಲಿಂಡರ್. ನೆತ್ತಿಯ ಮೇಲೆ ಕೊಕ್ಕರೆ ಕತ್ತಿನಂತೆ ಒಂದು ನಲ್ಲಿ. ಗ್ಯಾಸು ಒತ್ತಿದರೆ ಬಿಯರು ಪೈಪಿನಲ್ಲಿ ಹತ್ತಿ ನಲ್ಲಿಗೆ ಬರುತ್ತದೆ. ದೊಡ್ಡ ಮನೆಗೆ ಕೋಳಿಮೊಟ್ಟೆಯೂ ಹೋಗುವಂತಿಲ್ಲ, ಹಿಂದಿನ ಮನೆಯಲ್ಲಿ ಬಿಯರಿಗೆ ನಲ್ಲಿ! ನಮ್ಮ ಕೇರಿಯ ನಲ್ಲಿಯಲ್ಲಿ ನೀರು ಬಂದು ನಾಲ್ಕು ದಿನವಾಯಿತು.

ತೊಂದರೆ ಏನೆಂದರೆ, ನಲ್ಲಿ ತಿರುಗಿಸಿದರೆ ಬರೀ ನೊರೆ. ನೋಡಿದೆ. ಬ್ಯಾರಲ್ ಬಾಯಿಯ ವಾಷರ್ ಸವೆದಿತ್ತು, ಗ್ಯಾಸು ಜಾಸ್ತಿ ಬಿಟ್ಟಿದ್ದರು. ವಾಷರ್ ಬದಲಾಯಿಸಿ, ಗ್ಯಾಸು ಇಳಿಸಿ, ಚಳಿಯನ್ನು ಮೂರು ಡಿಗ್ರಿಗೆ ಇಟ್ಟೆ. ಅಲ್ಲೇ ಇದ್ದ ಗಾಜಿನ ಮಗ್ಗಿಗೆ ಹಿಡಿದೆ. ಕೆಳಗೆ ಹೊಂಬಣ್ಣ, ಮೇಲೆ ಬೆರಳಗಲದ ನೊರೆ. ಸರಿಯಾಗಿತ್ತು.

ಬಾಗಿಲಲ್ಲಿ ಸೋಮಶೇಖರ್ ಅವರ ತಾಯಿ ದೊಡ್ಡಮಲ್ಲಮ್ಮ ನಿಂತಿದ್ದರು. ಹಣೆ ತುಂಬ ವಿಭೂತಿ. ನನ್ನ ಕೈಯಲ್ಲಿದ್ದ ಮಗ್ಗನ್ನು ನೋಡುತ್ತಾ ಕೇಳಿದರು:

"ಯಾವೂರಪ್ಪ?"

"ಕುದೇರು, ಅಮ್ಮಾವ್ರೆ."

"ಕುದೇರಲ್ಲಿ ಯಾರ ಮಗ?"

"ಮರಿಯಪ್ಪನ ಮಗ. ಸುನೀಲ್ ಕುಮಾರ್ ಅಂತ."

"ಯಾವ ಬೀದಿ ಮರಿಯಪ್ಪ?"

ಹೇಳಿದೆ. "ಓ" ಎಂದು ಒಳಗೆ ಹೋದರು. ಆ 'ಓ' ನನಗೇನು ಹೊಸದಲ್ಲ. ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ. ಇರಲಿ, ಕೆಲಸ ಮುಖ್ಯ.

ಮುಖ್ಯ ಏಕೆಂದರೆ, ಚಾಮರಾಜನಗರದ ನಮ್ಮ ಶಾಪಿನ ಓನರ್ ನಂಜುಂಡಪ್ಪಣ್ಣ ಗುಂಡ್ಲುಪೇಟೆಯಲ್ಲಿ ಬ್ರಾಂಚ್ ತೆಗೆಯುತ್ತಿದ್ದಾರೆ. ಮಳಿಗೆ ಇದೇ ಸೋಮಶೇಖರ್ ಅವರದು, ಹೈವೇ ಪಕ್ಕ. "ಬ್ರಾಂಚಿನ ಬೀಗದಕೈ ನಿಂದೇ ಕಣಪ್ಪ. ಆ ಮನೆಯೋರ್ನ ಮಾತ್ರ ಚೆನ್ನಾಗ್ ನೋಡ್ಕೊ" ಅಂದಿದ್ದಾರೆ. ಮಳಿಗೆಯ ಮೇಲೆ ಎರಡು ರೂಮು ಇದೆ, ನಾವಿರಬಹುದು. ಪೇಟೆಯಲ್ಲಿ ನನ್ನಂಥವನಿಗೆ ಮನೆ ಸಿಗುವುದೆಂದರೆ ಏನೆಂದು ಬಾಡಿಗೆಗೆ ಅಲೆದವರಿಗೆ ಮಾತ್ರ ಗೊತ್ತು. ನನ್ನ ಹೆಂಡತಿ ಮೇಘನಾ ಆಗಲೇ ಒಲೆ ಎಲ್ಲಿಡಬೇಕೆಂದು ಯೋಚಿಸಿಬಿಟ್ಟಿದ್ದಾಳೆ.

ಮನೆಗೆ ಬಂದರೆ ಅಪ್ಪನ ಅದೇ ಪ್ರಶ್ನೆ. "ಟೀ ಕೊಟ್ರಾ?"

"ಕೊಟ್ರು."

"ಯಾವ ಲೋಟದಲ್ಲಿ?"

ಪೇಪರ್ ಕಪ್ಪಲ್ಲಿ ಅಂದೆ. ಅಪ್ಪ ತನ್ನ ಒಳ್ಳೇ ಕಿವಿಯನ್ನು ಈ ಕಡೆ ತಿರುಗಿಸಿದ. ಇನ್ನೊಂದು ಕಿವಿ ಹೋದದ್ದು ಅವನ ಪ್ರಾಯದಲ್ಲಿ. ದಲಿತ ಸಂಘದವರ ಜೊತೆ ಸಂತೆ ಹೋಟೆಲಿಗೆ ಹೋಗಿ, ಗೋಡೆಗೂಡಿನಲ್ಲಿ ನಮಗೆಂದು ಇಟ್ಟಿದ್ದ ಲೋಟ ಬೇಡ, ಎಲ್ಲರ ಲೋಟದಲ್ಲೇ ಟೀ ಕೊಡು ಎಂದು ಕೂತದ್ದಕ್ಕೆ ಬಿದ್ದ ಏಟು. "ಈಗ ಎಲ್ಲರಿಗೂ ಪೇಪರ್ ಕಪ್ಪೇ ಕಣಪ್ಪ" ಅಂದೆ.

ಮೇ ೭, ಬುಧವಾರ

ಬೆಳಿಗ್ಗೆಯೇ ಫೋನು. ನಿನ್ನೆ ಸಂಜೆ ಕಲ್ಲಿಕೋಟೆಯ ತರಕಾರಿ ವ್ಯಾಪಾರಿಗಳು ಬಂದಿದ್ದರಂತೆ. ನಲ್ಲಿ ತಿರುಗಿಸಿದರೆ ಬಕೆಟ್ ತುಂಬ ನೊರೆ.

ಓಡಿದೆ. ಬಸ್ಸು ತೆರಕಣಾಂಬಿ ದಾಟುವವರೆಗೂ ಯೋಚನೆ: ವಾಷರ್ ಸರಿಯಾಗಿ ಕೂರಲಿಲ್ಲವೇ? ಹೋಗಿ ನೋಡಿದರೆ ಮೂರು ಡಿಗ್ರಿ. ಗ್ಯಾಸು ನಾನಿಟ್ಟಷ್ಟೇ. ನಲ್ಲಿ ತಿರುಗಿಸಿದೆ, ಲಕ್ಷಣವಾದ ಬಿಯರು.

"ಈಗ ಸರಿಯಾಗೇ ಬತ್ತಾ ಅದಲ್ಲ ಸಾರ್" ಅಂದೆ.

"ನಾನೇನ್ ಸುಳ್ಳು ಏಳ್ತಿದ್ದಿನೇನಯ್ಯಾ? ಮರ್ಯಾದೆ ಓಯ್ತು ನಂದು ನೆನ್ನೆ."

ಏನಾದರೂ ಮಾಡಬೇಕಲ್ಲ. ಎಲ್ಲ ಬಿಚ್ಚಿ ಮತ್ತೆ ಜೋಡಿಸಿದೆ. ಪರೀಕ್ಷೆಗೆಂದು ಪ್ಲಾಸ್ಟಿಕ್ ಲೋಟಗಳ ಕಟ್ಟು ಇಟ್ಟಿದ್ದರು. ಗಾಜಿನ ಮಗ್ಗುಗಳು ಕಾಣಲಿಲ್ಲ. ಒಡೆದುಹೋಗುವ ಭಯವೂ ಇಲ್ಲ, ಒಳ್ಳೆಯದೇ ಆಯಿತು.

ಮೇ ೯, ಶುಕ್ರವಾರ

ನಾಲ್ಕನೇ ಸಲ. ನಿನ್ನೆ ಹೋಗಿ ಪೈಪು ಬದಲಾಯಿಸಿ ಬಂದೆ, ಸಂಜೆಗೆ ಮತ್ತೆ ನೊರೆ. ಇವತ್ತು ಹೋದರೆ ಮತ್ತೆ ಸರಿ. ನಾನಿದ್ದರೆ ಬಿಯರು, ನಾನು ಹೊರಟರೆ ನೊರೆ. ರೋಗಿಯೊಬ್ಬ ಡಾಕ್ಟರ ಮುಂದೆ ಮಾತ್ರ ಆರೋಗ್ಯವಾಗಿದ್ದರೆ ಡಾಕ್ಟರ ಗತಿಯೇನು?

ಗಮನಿಸಿದ್ದನ್ನು ಬರೆದಿಡುತ್ತೇನೆ. ನಾನು ಬ್ಯಾರಲನ್ನು ಅದರ ಹಿಡಿ ಬಾಗಿಲ ಕಡೆಗಿರುವಂತೆ ಇಟ್ಟಿದ್ದೆ. ಇವತ್ತು ಗೋಡೆ ಕಡೆಗಿತ್ತು. ಕೇಳಿದರೆ, "ಅಷ್ಟ್ ಭಾರ ಯಾರ್ ಮುಟ್ತಾರಯ್ಯಾ?" ಅಂದರು. ಫ್ರಿಜ್ಜಿನ ಒಳಮೂಲೆಯಲ್ಲಿ ಹಳದಿ ಕಲೆ. ಅರಿಶಿನದ ಮಂಡಿಯವರ ಮನೆ, ಸೋಮಶೇಖರ್ ಅವರ ಕಾಲರಿನ ಮೇಲೂ ಅದೇ ಹಳದಿ. ನೆಲ ತೇವ ಇತ್ತು. ನೊರೆ ಚೆಲ್ಲಿದ್ದನ್ನು ಒರೆಸಿರಬೇಕು.

ಮನೆಗೆಲಸದ ನಾಗಲಕ್ಷ್ಮಿ ಪೊರಕೆ ಹಿಡಿದು ಹೊರಗೆ ಕಾಯುತ್ತಿದ್ದಳು. "ಅಣ್ಣ, ಇವತ್ತಾದ್ರೂ ಸರಿಯಾಗ್ ಮಾಡ್ಬುಟ್ಟು ಓಗಿ. ನೀವು ಬಂದೋದ್ರೆ ನನ್ ಸೊಂಟ ಬಿದ್ದೋಯ್ತದೆ."

ಪಾಪ, ನಾನು ಚೆಲ್ಲುವುದನ್ನೆಲ್ಲ ಅವಳೇ ಬಳಿಯಬೇಕು. ಇನ್ನುಮೇಲೆ ಕೆಳಗೆ ಬಟ್ಟೆ ಹಾಸಿಕೊಂಡು ಕೆಲಸ ಮಾಡಬೇಕು.

ಮೇ ೧೨, ಸೋಮವಾರ

ನೊರೆ.

ಸೋಮಶೇಖರ್ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು, ನನಗೆ ಕೇಳಲಿ ಎಂದೇ: "ಮಿಷನ್ ಚೆನ್ನಾಗೇ ಅದೆ ಕಣ್ರೀ. ಇವನ ಕೈಗುಣ ಸರಿ ಇಲ್ಲ."

ಕೈಗುಣ. ಡಾಕ್ಟರಿಗೆ ಹೇಳುವ ಮಾತು, ಸೂಲಗಿತ್ತಿಗೆ ಹೇಳುವ ಮಾತು. ಮೆಕ್ಯಾನಿಕ್ಕಿಗೂ ಇರುತ್ತದೆಯೇ? ಇರಬಹುದು. ಕೈಗೆ ಅಂಟಿದ ಗ್ರೀಸು ಪೈಪಿನೊಳಗೆ ಹೋದರೂ ಬಿಯರು ಕೆಡುತ್ತದಂತೆ. ಫೋನಿನ ವಿಡಿಯೋದಲ್ಲಿ ಒಬ್ಬ ಹೇಳುತ್ತಿದ್ದ. ಇವತ್ತು ಫ್ರಿಜ್ಜು ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆದೆ.

ಮೇ ೧೪, ಬುಧವಾರ

ಸೋಪು ನನ್ನದೇ ಒಂದು ತೆಗೆದುಕೊಂಡು ಹೋಗಿದ್ದೆ. ಮೊದಲು ಒಂದು ಸಲ, ನಡುವೆ ಒಂದು ಸಲ, ಪೈಪು ಹಾಕುವ ಮೊದಲು ಇನ್ನೊಂದು ಸಲ. ಉಗುರಿನ ಸಂದಿಗೆ ಹಳೇ ಟೂತ್‌ಬ್ರಷ್. ರಬ್ಬರ್ ಗ್ಲೌಸೂ ಹಾಕಿಕೊಂಡೆ. ನಾಗಲಕ್ಷ್ಮಿ ನೋಡುತ್ತಲೇ ಇದ್ದಳು. ಏನೋ ಹೇಳಲು ಬಾಯಿ ತೆಗೆದಳು. ದೊಡ್ಡಮಲ್ಲಮ್ಮನವರು ಕರೆದರು, ಹೋದಳು.

ಊಟಕ್ಕೆ ಕೂತಾಗ ಮೇಘನಾ ಅಂದಳು: "ಏನ್ರೀ ಇದು, ಅಂಗೈ ಎಲ್ಲಾ ಸೀಳ್ಬುಟ್ಟದೆ! ಸಾರು ಉರಿಯಕಿಲ್ವಾ?"

ಉರಿಯುತ್ತದೆ. ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚುತ್ತೇನೆ. ಬೇಡ, ಎಣ್ಣೆ ಹಚ್ಚಿದರೆ ನಾಳೆ ಫ್ರಿಜ್ಜಿಗೆ ಹತ್ತೀತು.

ಮೇ ೧೫, ಗುರುವಾರ

ಗ್ಲೌಸು ಹಾಕಿ ಮಾಡಿದ್ದೂ ನೊರೆಯೇ.

ಮೇ ೧೯, ಸೋಮವಾರ

ನಂಜುಂಡಪ್ಪಣ್ಣ ಇವತ್ತು ಮಲ್ಲೇಶನನ್ನು ಕಳಿಸಿದರು. ಮಲ್ಲೇಶ ನನ್ನ ಕೈಕೆಳಗೇ ಕೆಲಸ ಕಲಿತವನು, ಸ್ನೇಹಿತ. ಒಂದೇ ಬುತ್ತಿಯಲ್ಲಿ ತಿಂದವರು ನಾವು. ಸಂಜೆ ಬಂದ.

"ಏನ್ ಮಾಡ್ದೆಲಾ?"

"ಏನೂ ಇಲ್ಲ ಕಣ್ಲಾ. ನಲ್ಲಿ ಬಿಚ್ಚಿ ಆಕ್ದೆ, ಅಷ್ಟೇ. ಕಾಫಿ ಕೊಟ್ರು, ಕುಡ್ಕಂಡು ಬಂದೆ."

ಮೇ ೨೦, ಮಂಗಳವಾರ

ಫೋನು ಬರಲಿಲ್ಲ. ನೊರೆ ಇಲ್ಲವಂತೆ. ಮಲ್ಲೇಶ ನಲ್ಲಿ ಬಿಚ್ಚಿ ಹಾಕಿದ, ಫ್ರಿಜ್ಜು ರಿಪೇರಿಯಾಯಿತು.

ಹಾಗಾದರೆ ನಿಜ. ನನ್ನ ಕೈಯೇ ಸರಿಯಿಲ್ಲ. ಇಷ್ಟು ವರ್ಷ ರಿಪೇರಿ ಮಾಡಿದ್ದೆಲ್ಲ ತಾನಾಗಿಯೇ ರಿಪೇರಿಯಾಗಿತ್ತೋ ಏನೋ. ಹಿಂದೆ ನಾನಿದ್ದ ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ಮೊದಲು ನನ್ನನ್ನೇ ಕೆಲಸದಿಂದ ತೆಗೆದದ್ದೂ ಇದಕ್ಕೇ ಇರಬಹುದು. ಎರಡು ಸಲ ಸ್ನಾನ ಮಾಡಿದೆ. ಊಟ ಸೇರಲಿಲ್ಲ.

ಅಪ್ಪ ಕೇಳಿದ: "ಮಲ್ಲೇಶುಂಗೆ ಕಾಫಿ ಯಾವ ಲೋಟದಲ್ಲಿ ಕೊಟ್ರಂತೆ?"

ರೇಗಿದೆ. "ನಿಂದೊಂದು ಲೋಟ! ನಿನ್ ಕಾಲ ಮುಗೀತು ಕಣಪ್ಪ. ನಾನ್ ಕೆಲ್ಸ ಕೆಡಿಸ್ದೆ, ಅವ್ನು ಸರಿ ಮಾಡ್ದ. ಇದ್ರಲ್ಲಿ ಲೋಟ ಎಲ್ಲಿಂದ ಬಂತು?"

ಮೇ ೨೨, ಗುರುವಾರ

ಅಕ್ಷರ ನೆಟ್ಟಗೆ ಬರುತ್ತಿಲ್ಲ. ಆದರೂ ಎಲ್ಲವನ್ನೂ ಬರೆಯುತ್ತೇನೆ.

ಆ ಮನೆಯ ಗ್ಯಾಸು ಮುಗಿದಿತ್ತು. ಮಲ್ಲೇಶ ರಜೆ. ನಂಜುಂಡಪ್ಪಣ್ಣ ತಲೆ ಕೆರೆದುಕೊಂಡು, "ಸಿಲಿಂಡರ್ ಕೊಟ್ಬುಟ್ಟು ಬಂದ್ಬುಡು. ನೀನೇನೂ ಮುಟ್ಟಕ್ ಓಗ್ಬೇಡ" ಅಂದರು. ಹೋದೆ. ಸೋಮಶೇಖರ್ ಮಂಡಿಯಿಂದ ಆಗತಾನೇ ಬಂದಿದ್ದರು. ಸಿಲಿಂಡರ್ ಹಾಕಲು ಬೇರೆ ಯಾರೂ ಇರಲಿಲ್ಲ. "ಬೇಗ ಸಿಕ್ಸಿ ಓಗು" ಅಂದರು. ಸಿಕ್ಕಿಸಿದೆ. ಬಿಯರು ನೋಡಿದೆ, ಚೆನ್ನಾಗಿ ಬಂತು. ಬಸ್‌ಸ್ಟ್ಯಾಂಡಿಗೆ ಬಂದ ಮೇಲೆ ಗೊತ್ತಾಯಿತು, ಚಳಿ ಅಳೆಯುವ ಮೀಟರ್ ಫ್ರಿಜ್ಜಿನೊಳಗೇ ಬಿಟ್ಟಿದ್ದೆ. ತಿರುಗಿ ನಡೆದೆ.

ಗೇಟು ತೆರೆದೇ ಇತ್ತು. ಹಿತ್ತಲಿಗೆ ಹೋದೆ.

ಫ್ರಿಜ್ಜಿನ ವೈರು ಕಿತ್ತಿತ್ತು. ಬಾಗಿಲು ಬಾಯಿ ತೆರೆದು ನಿಂತಿತ್ತು. ಬ್ಯಾರಲ್ಲು ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಉರಿಬಿಸಿಲಲ್ಲಿ. ನಾಗಲಕ್ಷ್ಮಿ ಸೀರೆ ಎತ್ತಿಕಟ್ಟಿ, ಅರಿಶಿನದ ನೀರಲ್ಲಿ ಬಟ್ಟೆ ಅದ್ದಿ, ಬ್ಯಾರಲನ್ನು ಉರುಳಿಸಿ ಉರುಳಿಸಿ ಉಜ್ಜುತ್ತಿದ್ದಳು. ಮೆಟ್ಟಿಲ ಮೇಲೆ ಕೂತು ದೊಡ್ಡಮಲ್ಲಮ್ಮ ಹೇಳುತ್ತಿದ್ದಳು:

"ಸಿಲಿಂಡರ್‌ಗೂ ಒಂದ್ ಚೊಂಬು ಉಯ್ಯವ್ವ. ಆ ನಲ್ಲಿ ಬುಡ್ದಲ್ಲಿ ಉಜ್ಜು, ಅವ್ನು ಅಲ್ಲೇ ಕೈ ಇಟ್ಟಿದ್ದ. ಆವತ್ತು ಗಾಜಿನ ಮಗ್ಗುನ್ನೂ ಮುಟ್ಬುಟ್ಟಿದ್ದ, ಎಲ್ಲಾನೂ ಎಸೀಬೇಕಾಯ್ತು."

ಸೋಮಶೇಖರ ಅಲ್ಲೇ ಕುರ್ಚಿಯಲ್ಲಿ ಮೊಬೈಲು ನೋಡುತ್ತಾ ಕೂತಿದ್ದ. ತಲೆ ಎತ್ತಿದ. ನನ್ನನ್ನು ಕಂಡ. ಎದ್ದ.

"ಅವ್ವ ಹಳೇ ಕಾಲದೋರು ಕಣಯ್ಯ. ನಾನು ಇವನ್ನೆಲ್ಲ ನಂಬಲ್ಲ. ಏನ್ ಮಾಡನ, ಮನೇಲಿ ಹಿರೀರು..."

ಅವನು ನಂಬುವುದಿಲ್ಲ. ನಂಬದೆಯೇ ತೊಳೆಸುತ್ತಾನೆ.

ನಾನೇನು ಮಾಡಿದೆ? ಕೂಗಿದೆನೇ? ಬ್ಯಾರಲ್ ಎತ್ತಿ ಕುಕ್ಕಿದೆನೇ? ಸಂಘದ ಹಾಡಿಗೆ ಕಂಜರ ಬಡಿದು ಊರೂರು ತಿರುಗಿದ ಮರಿಯಪ್ಪನ ಮಗ ಹೇಳಿದ್ದು ಇಷ್ಟು: "ಸಾರ್, ಕರೆಂಟ್ ತೆಗೆದು ಬ್ಯಾರಲ್ ಉರುಳಿಸಿದ್ರೆ ನೊರೆ ಬತ್ತದೆ ಸಾರ್. ಬಿಸಿಲಿಗೆ ಇಡಬಾರ್ದು."

ಅಷ್ಟೇ! ಅದೊಂದೇ ನನ್ನ ಬಾಯಿಂದ ಬಂದದ್ದು. ರಿಪೇರಿಯವನ ಮಾತು. ನಾಗಲಕ್ಷ್ಮಿ ಬಟ್ಟೆ ಹಿಂಡುತ್ತಾ ಬಗ್ಗಿದವಳು ತಲೆ ಎತ್ತಲೇ ಇಲ್ಲ. ಮೀಟರ್ ಕಟ್ಟೆಯ ಮೇಲಿತ್ತು. ಅದನ್ನೂ ತೊಳೆದಿದ್ದರು. ಅದರೊಳಗೆ ನೀರು ಹೋಗಿ ಸತ್ತಿತ್ತು. ಎತ್ತಿಕೊಂಡು ಬಂದೆ.

ನಾನು ಹೋದ ದಿನ ತೊಳೆದಿದ್ದಾರೆ. ತೊಳೆದದ್ದಕ್ಕೆ ನೊರೆ ಬಂದಿದೆ. ನೊರೆ ಬಂತೆಂದು ನನ್ನನ್ನು ಕರೆದಿದ್ದಾರೆ. ನಾನು ಹೋದೆನೆಂದು ಮತ್ತೆ ತೊಳೆದಿದ್ದಾರೆ. ರಾತ್ರಿ ತಣ್ಣಗಾಗಿ ಬೆಳಿಗ್ಗೆ ಸರಿಯಾಗಿರುತ್ತಿತ್ತು. ಮಲ್ಲೇಶ ಹೋದಾಗ ಯಾರೂ ತೊಳೆಯಲಿಲ್ಲ, ಅದಕ್ಕೇ ಅವನ ಕೈಗುಣ ಚಿನ್ನ.

ಎಂಥೆಂಥವರ ಕೈ ದಾಟಿ ಬಂದ ಬಿಯರು ಆ ಮನೆಗೆ ಮೈಲಿಗೆಯಲ್ಲ. ವಿಭೂತಿ ಹಚ್ಚಿದ ಹಣೆ ಆ ನಲ್ಲಿಯ ಮುಂದೆ ಬಗ್ಗಿ ಕುಡಿಯಬಹುದು. ಅದನ್ನು ರಿಪೇರಿ ಮಾಡಿದ ಕೈ ಮೈಲಿಗೆ! ಥೂ ನಿಮ್ಮ ಶುದ್ಧಕ್ಕೆ ಬೆಂಕಿ ಹಾಕ.

ಬಂದವನೇ ಕೈ ತೊಳೆದೆ. ಯಾಕೆ ತೊಳೆದೆನೋ.

ಮೇ ೨೩, ಶುಕ್ರವಾರ

ಶಾಪು ತೆರೆಯುವ ಹೊತ್ತಿಗೇ ಹೋಗಿ ನಂಜುಂಡಪ್ಪಣ್ಣನಿಗೆ ಎಲ್ಲ ಹೇಳಿದೆ. ಅವರು ಗಾಂಧೀಜಿ ಪಟಕ್ಕೆ ಊದುಬತ್ತಿ ಸಿಕ್ಕಿಸುತ್ತಿದ್ದರು. ತಿರುಗಲಿಲ್ಲ.

"ನಂಗೊತ್ತು ಕಣಪ್ಪ."

"ಏನ್ ಗೊತ್ತು?"

"ತೊಳೀತಾರೆ ಅಂತ. ಎರಡನೇ ದಿನಾನೇ ಆವಯ್ಯ ಫೋನ್ ಮಾಡಿ, ಬೇರೆಯೋರ್ನ ಕಳ್ಸಿ ಅಂದ. ನಾನೇ, ಒಳ್ಳೇ ಕೆಲ್ಸಗಾರ ಕಣ್ರೀ, ಅಡ್ಜಸ್ಟ್ ಮಾಡ್ಕಳಿ ಅಂದಿದ್ದೆ. ನಿಂಗೆ ಬೇಜಾರಾಯ್ತದೆ ಅಂತ ಏಳ್ಲಿಲ್ಲ."

"ಕೈಗುಣ ಸರಿಯಿಲ್ಲ ಅಂತ ನಾನು ಕೈ ಉಜ್ಕೊಂಡು ಸಾಯ್ತಿದ್ದಾಗ್ಲೂ ಏಳ್ಬೇಕು ಅನ್ನಿಸ್ಲಿಲ್ವಾ ಅಣ್ಣ?"

"ನೀನು ಸಂಘದ ಮನೆಯೋನು. ಗಲಾಟೆ ಗಿಲಾಟೆ ಅಂದ್ಬುಟ್ರೆ ಮಳಿಗೆ ಓಯ್ತದಲ್ಲಪ್ಪ."

ಆಮೇಲೆ ಬ್ರಾಂಚಿನ ಮಾತು ತೆಗೆದರು. ಬೀಗದಕೈ ಮಲ್ಲೇಶನಿಗೆ. ನಾನೂ ಅಲ್ಲಿಗೇ ಹೋಗಬಹುದು, ಒಳಗಿನ ಕೋಣೆಯಲ್ಲಿ ಕೂತು ಸಾಮಾನು ಬಿಚ್ಚಬಹುದು. ಮನೆಗಳಿಗೆ ಮಲ್ಲೇಶ ಹೋಗುತ್ತಾನೆ. ಏನಾದರೂ ತೋಚದಿದ್ದರೆ ನನಗೆ ಫೋನು ಮಾಡುತ್ತಾನೆ. "ಬುದ್ಧಿ ನಿಂದು, ಕೈ ಅವನದು. ಇಬ್ರೂ ಚೆನ್ನಾಗಿರಿ." ಮೇಲಿನ ರೂಮುಗಳ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಮಲ್ಲೇಶ ಟೂಲ್ ಬಾಕ್ಸ್ ಜೋಡಿಸುತ್ತಾ ನಿಂತಿದ್ದ. "ನಾನೇನ್ ಮಾಡ್ಲಲಾ" ಅಂದ. ಅದೂ ನಿಜ. ಯಾರೂ ಏನೂ ಮಾಡಿಲ್ಲ. ಅವ್ವ ಹಳೇ ಕಾಲದವಳು, ಮಗ ನಂಬುವುದಿಲ್ಲ, ಓನರ್‌ಗೆ ಬೇಜಾರು ಮಾಡಲು ಇಷ್ಟವಿಲ್ಲ, ಸ್ನೇಹಿತ ಏನು ಮಾಡಿಯಾನು. ಎಲ್ಲರೂ ಒಳ್ಳೆಯವರು. ತೊಳೆಯುವವಳು ಮಾತ್ರ ತೊಳೆಯುತ್ತಲೇ ಇದ್ದಾಳೆ.

ಮೇ ೨೫, ಭಾನುವಾರ

ಮೇಘನಾಳಿಗೆ ಹೇಳಿದೆ. ಅವಳು ಒಲೆಯ ವಿಷಯ ಮತ್ತೆ ಎತ್ತಲಿಲ್ಲ. ಅಪ್ಪನಿಗೆ ಹೇಳಲಾಗಲಿಲ್ಲ. ಏನೆಂದು ಹೇಳಲಿ? ನಿನ್ನ ಕಿವಿ ಸುಮ್ಮನೆ ಹೋಯಿತು ಕಣಪ್ಪ ಎಂದೇ?

ಬಚ್ಚಲಲ್ಲಿ ಕೈ ತೊಳೆಯುತ್ತಿದ್ದೆ. ಎಷ್ಟು ಹೊತ್ತಾಗಿತ್ತೋ. ಅಪ್ಪ ಬಂದು ಚೊಂಬು ಕಿತ್ತುಕೊಂಡ.

"ಸಾಕು ಬುಡ್ಲಾ. ನಲ್ಲೀಲಿ ನೀರು ಬರೋದೇ ಅಷ್ಟರಲ್ಲೇ ಅದೆ."

ಮೇ ೨೭, ಮಂಗಳವಾರ

ಏನೂ ಬರೆಯುವುದಿಲ್ಲ.

ಮೇ ೨೮, ಬುಧವಾರ

ಆ ಫ್ರಿಜ್ಜು ಪೂರ್ತಿ ಸತ್ತಿದೆ. ಮಲ್ಲೇಶ ನಿನ್ನೆಯಿಡೀ ಕೂತು ಸೋತು ಬಂದ. ಫೋನಿನಲ್ಲಿ ನನ್ನನ್ನು ಕೇಳಿದ. "ಕಣ್ಣಲ್ಲಿ ನೋಡ್ದೆ ಎಂಗ್ ಏಳ್ಲಿ?" ಅಂದೆ. ಇವತ್ತು ಸಂಜೆ ಆ ಮನೆಗೆ ಮೈಸೂರಿನಿಂದ ದೊಡ್ಡವರು ಬರುತ್ತಾರಂತೆ. ನಂಜುಂಡಪ್ಪಣ್ಣ ಕೈ ಹಿಡಿದುಕೊಂಡು, "ಓಗಪ್ಪ, ಇದೊಂದ್ ಸಲ. ಮಳಿಗೆ ಅಗ್ರಿಮೆಂಟಿಗೆ ಅವರು ಸೈನ್ ಆಕಿಲ್ಲ ಇನ್ನೂ" ಅಂದರು. ನನ್ನ ಕೈಯನ್ನೇ ಹಿಡಿದುಕೊಂಡರು!

ಹೋದೆ. ಸೋಪು ಒಯ್ಯಲಿಲ್ಲ. ಮರೆತೆನೋ ಏನೋ.

ಹಿಂದಿನ ಗೇಟಿನಿಂದಲ್ಲ, ಮುಂದಿನಿಂದ ಹೋದೆ. ಜಗಲಿಯಲ್ಲಿ ಸೋಮಶೇಖರ, ಪಕ್ಕದಲ್ಲಿ ಅವನ ತಾಯಿ.

"ಬಾರಯ್ಯ, ಬಾ. ಹಿಂದುಗಡೆ ಓಗು, ಬಾಗ್ಲು ತೆಗ್ದದೆ."

ಟೂಲ್ ಬಾಕ್ಸ್ ಕೆಳಗಿಟ್ಟೆ. "ಬಿಸ್ಲಲ್ಲಿ ಬಂದೆ ಸಾರ್. ಮೊದ್ಲು ಕುಡಿಯಕ್ ನೀರು ಕೊಡಿ."

ನಾಗಲಕ್ಷ್ಮಿ ಪ್ಲಾಸ್ಟಿಕ್ ಲೋಟದಲ್ಲಿ ತಂದಳು.

"ಇದ್ರಲ್ಲಿ ಬ್ಯಾಡ ಕಣವ್ವ. ನೀವೆಲ್ಲ ಕುಡಿಯೋ ಲೋಟದಲ್ಲಿ ತಗಂಡ್ ಬಾ."

ಅವಳು ದೊಡ್ಡಮಲ್ಲಮ್ಮನ ಮುಖ ನೋಡಿದಳು. ದೊಡ್ಡಮಲ್ಲಮ್ಮ ಮಗನ ಮುಖ ನೋಡಿದಳು. ಮಗ ಮೊಬೈಲು ನೋಡಿದ.

"ಅವನದೇನು ಅದು ಹಟ?" ಮುದುಕಿ ನನಗಲ್ಲ, ಗಾಳಿಗೆ ಕೇಳಿದಳು. "ನೀರು ತಾನೆ? ಯಾವ್ದರಲ್ಲಿ ಕುಡುದ್ರೇನು?"

"ಅದೇ ನಾನೂ ಕೇಳ್ತಿರೋದು ಅಮ್ಮಾ. ಯಾವ್ದರಲ್ಲಿ ಕೊಟ್ರೇನು?"

ಹೈವೇಯಲ್ಲಿ ಈರುಳ್ಳಿ ಲಾರಿಯೊಂದು ಹಾರನ್ ಹೊಡೆದುಕೊಂಡು ಹೋಯಿತು. ಸೋಮಶೇಖರ ಗಂಟಲು ಸರಿಮಾಡಿಕೊಂಡ. "ಸುನೀಲ, ಸಂಜೆ ಜನ ಬತ್ತಾರೆ ಕಣಯ್ಯ. ನಿಂಗೇನ್ ಬೇಕೋ ಆಮೇಲ್ ಮಾತಾಡನ. ಮೊದ್ಲು ಮಿಷನ್ ನೋಡು."

"ನೀರು ಸಾರ್."

ದೊಡ್ಡಮಲ್ಲಮ್ಮ ಎದ್ದಳು. ಸೀರೆ ಒದರಿಕೊಂಡು ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದಾಯಿತು. ತರುತ್ತಾಳೆ ಎಂದುಕೊಂಡೆ. ನಿಜ ಹೇಳುತ್ತೇನೆ, ತರುತ್ತಾಳೆ ಎಂದೇ ಅಂದುಕೊಂಡೆ. ಕಾದೆ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಅವಳು ಬರಲಿಲ್ಲ. ಒಳಬಾಗಿಲ ಅಗುಳಿ ಹಾಕಿದ ಸದ್ದು ಬಂತು.

ಬಾಕ್ಸು ತೆರೆಯಲೇ ಇಲ್ಲ. ಎತ್ತಿಕೊಂಡು ಬಂದೆ. ಚಾಮರಾಜನಗರದಲ್ಲಿ ಇಳಿದು ಅದನ್ನು ಶಾಪಿನ ಮೇಜಿನ ಮೇಲೆ ಇಟ್ಟೆ. ನಂಜುಂಡಪ್ಪ ಆಗಲೇ ಫೋನಿನಲ್ಲಿ ಸೋಮಶೇಖರನಿಗೆ ಸಾರಿ ಕೇಳುತ್ತಿದ್ದರು. ನನ್ನ ಕಡೆ ನೋಡದೆ, ನಾಳೆಯಿಂದ ಬರಬೇಡ ಎಂದು ಕೈಬೀಸಿದರು. ಮಲ್ಲೇಶ ಬಸ್‌ಸ್ಟ್ಯಾಂಡಿನ ತನಕ ಜೊತೆಗೆ ಬಂದ.

ಮನೆಗೆ ಬಂದಾಗ ಅಪ್ಪ ಜಗಲಿಯಲ್ಲಿದ್ದ.

"ನೀರು ಕೊಟ್ರಾ?"

"ಇಲ್ಲ."

"ಕೇಳ್ದಾ?"

"ಕೇಳ್ದೆ. ಅವರ ಲೋಟದಲ್ಲೇ ಕೊಡಿ ಅಂತ ಕೇಳ್ದೆ."

ಅಪ್ಪ ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋಗಿ, ತಾನು ದಿನಾ ಕುಡಿಯುವ ಲೋಟದಲ್ಲಿ ನೀರು ತಂದುಕೊಟ್ಟ. ಕುಡಿದೆ. ಕೆಲಸ ಹೋಯಿತು, ಬ್ರಾಂಚು ಹೋಯಿತು, ಮೇಲಿನ ರೂಮು ಹೋಯಿತು. ನಾಳೆ ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲ. ನೀರು ತಣ್ಣಗಿತ್ತು.

ಮೇಘನಾ ಮುದ್ದೆ ಇಟ್ಟಳು. ಹಸಿವಾಗಿತ್ತು. ಅರ್ಧ ಮುದ್ದೆ ನುಂಗಿದ ಮೇಲೆ ಅವಳು ನನ್ನ ಕೈಯನ್ನೇ ನೋಡುತ್ತಾ ಅಂದಳು: "ಏನ್ರೀ, ಇವತ್ತು ಕೈಯೇ ತೊಳೀದೆ ಕೂತ್ಬುಟ್ರಲ್ಲ!"

ಹೌದಲ್ಲ, ಅಂದುಕೊಂಡೆ. ಏಳಲು ಹೋದೆ.

ಅಪ್ಪ ನನ್ನ ಭುಜ ಒತ್ತಿ ಕೂರಿಸಿದ.

"ಉಣ್ಲಿ ಬುಡವ್ವ" ಅಂದ.